ಟೀಮ್ ನಡೆಸೋದು: ಯಾವಾಗ ಆರ್ಡರ್ ಮಾಡ್ಬೇಕು, ಯಾವಾಗ ಸುಮ್ನಿರ್ಬೇಕು

ನಾನು ಶಿರಸೀಲಿ ಒಂದು ಅಡಿಕೆ ವ್ಯಾಪಾರದ ಕಡೆ ಒಂಬತ್ತು ಜನರ ಟೀಮ್ ನೋಡ್ಕೋತೀನಿ. ಆರಿಸೋ ಹೆಂಗಸರು, ತೂಕದೋರು, ಬಿಲ್ಲಿಂಗ್ ಮಾಡೋ ಇಬ್ರು, ಲೋಡಿಂಗ್ ಹುಡುಗ್ರು ಎಲ್ಲ ಸೇರಿ. ಲೀಡರ್‌ಶಿಪ್ ಅಂದ್ರೆ ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತೋರ ಉಸಾಬರಿ, ನಮಗ್ಯಾಕೆ ಅಂತ ಇದ್ದೆ. ಸೂಪರ್‌ವೈಸರ್ ಆದ ಮೊದಲ ಸೀಸನ್ನಲ್ಲೇ ಇಬ್ರು ಕೆಲಸ ಬಿಟ್ಟು ಹೋದ್ರು ನೋಡಿ, ಆಗ ತಲೆಗೆ ಹೋಯ್ತು.

ಆಗಿದ್ದೇನಪ್ಪಾ ಅಂದ್ರೆ, ನಂಗೆ ಆರಿಸೋ ಕೈ ಚುರುಕು. ಚಾಲಿ, ಅಂದ್ರೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಅದ್ರ ರಾಶೀಲಿ ಕೋಕಾ, ಬಿಳೆಗೋಟು ಅನ್ನೋ ಕಮ್ಮಿ ದರ್ಜೆಯವು ಎಲ್ಲಿದ್ರೂ ಕಣ್ಣಿಗೆ ಬೀಳುತ್ತೆ. ಹಾಗಾಗಿ ಬೇರೆಯವರು ಆರಿಸಿಟ್ಟ ರಾಶಿ ಮುಂದೆ ನಾನೇ ಹೋಗಿ ಕೂತು "ಬಿಡಿ ಬಿಡಿ, ನಾನೇ ಮಾಡ್ತೆ" ಅಂತ ಮತ್ತೆ ಆರಿಸ್ತಿದ್ದೆ, ಅವ್ರು ಪಕ್ಕದಲ್ಲಿ ಕೈ ಕಟ್ಕೊಂಡು ನಿಂತು ನೋಡ್ಬೇಕು. ಎದುರಿಗೆ ಯಾರೂ ಏನೂ ಹೇಳ್ಲಿಲ್ಲ, ಒಳಗೊಳಗೇ ಕುದೀತಿದ್ರು ಅಂತ ಆಮೇಲೆ ಗೊತ್ತಾಯ್ತು. ಚೆನ್ನಾಗಿ ಕೆಲಸ ಮಾಡೋರನ್ನೇ ಲೀಡರ್ ಮಾಡಿದಾಗ ಬರೋ ರೋಗ ಇದು. ಡೇನಿಯಲ್ ಗೋಲ್ಮನ್ ಅನ್ನೋರು 2000ದಲ್ಲಿ ಆರು ಥರದ ಲೀಡರ್‌ಶಿಪ್ ಸ್ಟೈಲ್ ವಿಂಗಡಿಸಿ ಬರೆದ್ರು, ಅದ್ರಲ್ಲಿ ಇದಕ್ಕೆ ಪೇಸ್‌ಸೆಟ್ಟಿಂಗ್ ಅಂತ ಹೆಸರು. ತಾನು ಓಡಿ ಉಳಿದೋರನ್ನೂ ಓಡ್ಸೋದು. ಎಲ್ಲರೂ ನುರಿತೋರೇ ಇದ್ದು ಎರಡು ದಿನದಲ್ಲಿ ಲೋಡ್ ಹೋಗ್ಬೇಕು ಅಂದಾಗ ನಡೆಯುತ್ತೆ, ವರ್ಷವಿಡೀ ಮಾಡಿದ್ರೆ ಜನ ಸುಸ್ತಾಗಿ ಹೋಗ್ತಾರೆ.

ನಂಗೆ ಕಣ್ಣು ತೆರೆಸಿದ್ದು ಕಾರವಾರದ ಬೈತಖೋಲದ ಒಬ್ಬ ತಾಂಡೇಲ, ಅಂದ್ರೆ ಮೀನುಗಾರಿಕೆ ಬೋಟಿನ ಮುಖ್ಯಸ್ಥ. ಹೆಂಡತಿ ತವರಿನ ಕಡೆಯೋರು, ಹಿಂಡನ್ನ ಸುತ್ತುವರಿಯೋ ದೊಡ್ಡ ಬಲೆಯ ಪರ್ಸೀನ್ ಬೋಟು ನಡೆಸ್ತಾರೆ. ಬೆಳಗಿನ ಜಾವ ಬಂದರಲ್ಲಿ ಚಾ ಕುಡೀತಾ "ಇವತ್ತು ಯಾವ ಕಡೆ ಹೋಪ" ಅಂತ ಬೋಟಲ್ಲಿ ದುಡಿಯೋ ಕಲಾಸಿಗಳನ್ನೆಲ್ಲ ಕೇಳ್ತಾರೆ, ನಿನ್ನೆ ಯಾವ ಬೋಟಿಗೆ ಬಂಗಡೆ ಎಲ್ಲಿ ಸಿಕ್ತು ಅಂತ ಇಪ್ಪತ್ತೈದು ಜನರ ಕಿವೀಲಿ ಇಪ್ಪತ್ತೈದು ಸುದ್ದಿ ಇರುತ್ತಲ್ಲ. ಅದೇ ಮನುಷ್ಯ ಮೀನಿನ ಹಿಂಡು ಕಂಡ ಕ್ಷಣ ಬೇರೇನೇ. ಒಂದು ಕೂಗು, ಬಲೆ ಬಿಡು ಅಂದ್ರೆ ಬಿಡು, ಅಲ್ಲಿ ಮೀಟಿಂಗ್ ಇಲ್ಲ, ಮೀಟಿಂಗ್ ಮುಗಿಯೋದ್ರೊಳಗೆ ಹಿಂಡು ಗೋವಾ ತಲುಪಿರುತ್ತೆ. ಇನ್ನು ಜೂನ್ ಜುಲೈ 61 ದಿನ ಮೀನುಗಾರಿಕೆ ಬಂದ್ ಇದ್ದಾಗ ಬಲೆ ರಿಪೇರಿಗೆ ಕೂತೋರ ಹತ್ರ ಅವ್ರು ಸುಳಿಯೋದೇ ಕಮ್ಮಿ. ಹಳೇ ಕೈಗಳು, ಹೇಳೋದೇನಿದೆ? ಒಬ್ಬನೇ ಮನುಷ್ಯ, ಮೂರು ಅವತಾರ. ಯಾರೂ ಅವ್ರನ್ನ ಗಳಿಗೆಗೊಂದು ಬುದ್ಧಿ ಅನ್ನಲ್ಲ.

ಹಾಗಾಗಿ ನಾನೀಗ ಏನಾದ್ರೂ ಹೇಳೋಕೆ ಮುಂಚೆ ಮೂರು ನೋಡ್ತೀನಿ. ಟೈಮ್ ಇದೆಯಾ? ಎದುರಿಗಿರೋರಿಗೆ ಈ ಕೆಲಸ ಗೊತ್ತಾ? ಗೊತ್ತಿದ್ರೂ ಮನಸ್ಸಿದೆಯಾ? ಹರ್ಸಿ ಮತ್ತೆ ಬ್ಲಾಂಚಾರ್ಡ್ ಅನ್ನೋ ಇಬ್ರು 1969ರಲ್ಲೇ ಹೆಚ್ಚುಕಮ್ಮಿ ಇದನ್ನೇ ಹೇಳಿದ್ರು, ಲೀಡರ್ ಹೇಗಿರ್ಬೇಕು ಅನ್ನೋದು ಕೆಲಸದೋರು ಎಷ್ಟು ತಯಾರಿದ್ದಾರೆ ಅನ್ನೋದ್ರ ಮೇಲೆ ಅಂತ. ಇಲ್ಲೊಂದು ಮಾತು, ನೋಡ್ಬೇಕಾಗಿದ್ದು ಆ ಮನುಷ್ಯನನ್ನಲ್ಲ, ಆ ಮನುಷ್ಯ ಮತ್ತು ಆ ಕೆಲಸ ಎರಡನ್ನೂ. ನಮ್ಮ ತೂಕದ ಗೌಡ್ರು ತಕ್ಕಡೀಲಿ ಹುಲಿ, ಕಂಪ್ಯೂಟರ್ ಎಂಟ್ರಿ ಬಂದ್ರೆ ಎಲ್‌ಕೆಜಿ. ತೂಕದ ವಿಷಯಕ್ಕೆ ನಾನು ಬಾಯಿ ಹಾಕಲ್ಲ, ಎಂಟ್ರಿಗೆ ಮಾತ್ರ ಪಕ್ಕದಲ್ಲಿ ಕೂತು ಈ ಬಟನ್ ಒತ್ತಿ ಗೌಡ್ರೇ, ಈಗ ಇದು ಅಂತ ಒಂದೊಂದೇ ಹೇಳ್ತೀನಿ.

ಹೊಸಬರಿಗೆ ಕೈ ಹಿಡಿದು ಕಲಿಸ್ಬೇಕು, ಇದು ನಿಧಾನದ ಕೆಲಸ, ಬೈಗುಳಕ್ಕೆ ಜಾಗ ಇಲ್ಲ. ಸಿದ್ದಾಪುರ ಕಡೆಯ ಒಬ್ಬ ಹುಡುಗಿ ಬಂದಾಗ ನಾನು "ಇದು ತಪ್ಪು" ಅನ್ನೋದು ಬಿಟ್ಟು ಅಡಿಕೆ ಕೈಗೆ ಕೊಟ್ಟು "ತಂಗೀ, ಇದ್ಯಾವ್ದು, ಯಾಕೆ?" ಅಂತ ಕೇಳ್ತಿದ್ದೆ, ಅವಳು ಹೇಳಿದ್ಮೇಲೆ ಅಡಕತ್ತರೀಲಿ ಎರಡು ಹೋಳು ಮಾಡಿ ಒಳಗಿನ ಬಣ್ಣ ಅವಳೇ ನೋಡ್ಬೇಕು. ಒಂದು ಹದಿನೈದು ದಿನ ಟೈಮ್ ಹೋಯ್ತು ನಿಜ. ಈಗ ಅವಳು ಆರಿಸಿದ ರಾಶಿ ನಾನು ಮುಟ್ಟಲ್ಲ.

ಇನ್ನು ಎಲ್ಲರನ್ನೂ ಕೇಳಿ ಮಾಡೋದು, ಡೆಮಾಕ್ರಸಿ ಸ್ಟೈಲು, ಕೇಳೋಕೆ ಚಂದ. ಮೊದಲನೇ ತಪ್ಪು ತಿದ್ಕೊಳ್ಳೋಕೆ ಹೋಗಿ ನಾನು ಎಲ್ಲದಕ್ಕೂ ಕೇಳೋಕೆ ಶುರು ಮಾಡಿದ್ದೆ ಮಾರಾಯ್ರೆ. ಒಂದು ಜುಲೈ ರಾತ್ರಿ ಕುಮಟಾ ಕಡೆಯಿಂದ ಚಾಲಿ ಹೇರ್ಕೊಂಡು ಬರ್ತಿದ್ದ ನಮ್ಮ ಗಾಡಿ ದೇವಿಮನೆ ಘಟ್ಟದಲ್ಲಿ ಸಿಕ್ಕಿಬಿತ್ತು, ಮುಂದೆ ಮಣ್ಣು ಕುಸಿದಿತ್ತು. ನಾನು ವಾಟ್ಸಾಪ್ ಗ್ರೂಪಲ್ಲಿ "ಏನ್ ಮಾಡೋಣ?" ಅಂತ ಹಾಕ್ದೆ. ಒಬ್ಬ ಅಂಕೋಲಾ ಯಲ್ಲಾಪುರ ಮೇಲೆ ಬರ್ಲಿ ಅಂದ, ಇನ್ನೊಬ್ಬ ಜೆಸಿಬಿ ಬರುತ್ತೆ ಕಾಯ್ಲಿ ಅಂದ, ಮತ್ತೊಬ್ಬ ಕೈ ಮುಗಿಯೋ ಇಮೋಜಿ ಹಾಕ್ದ. ಒಂದೂವರೆ ತಾಸು ಇದೇ ಆಯ್ತು. ಅಷ್ಟೊತ್ತಿಗೆ ತಾಡಪಾಲಿನ ಮೂಲೇಲಿ ನೀರು ಇಳಿದು ಆರು ಚೀಲ ಒದ್ದೆ. ಆ ಹೊತ್ತಿಗೆ ಬೇಕಾಗಿದ್ದು ಒಂದೇ ಫೋನು: "ಗಾಡಿ ತಿರುಗಿಸು, ಕುಮಟೆಗೆ ಹೋಗಿ ನಿಲ್ಸು, ಬೆಳಿಗ್ಗೆ ನೋಡ್ವ." ಸರಿಯೋ ತಪ್ಪೋ, ಜವಾಬ್ದಾರಿ ನಂದು ಅಂತ ಹೇಳೋದು.

ಆದ್ರೆ ಆರ್ಡರ್ ರುಚಿ ಹತ್ತಿದ್ರೂ ಕಷ್ಟ. 1939ರಲ್ಲಿ ಕರ್ಟ್ ಲೆವಿನ್ ಮತ್ತೆ ಅವರ ಜೊತೆಯೋರು ಅಮೆರಿಕದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಬೇರೆ ಬೇರೆ ಥರದ ಲೀಡರ್ ಕೊಟ್ಟು ನೋಡಿದ್ರು. ದರ್ಪದವನ ಗುಂಪು ಅವನು ಎದುರಿಗಿದ್ದಾಗ ಚೆನ್ನಾಗೇ ದುಡೀತು, ಅವನು ಹೊರಗೆ ಹೋದ ಕೂಡ್ಲೇ ಕೆಲಸ ನಿಂತಂಗೇ. ಕೇಳಿ ಮಾಡಿಸ್ತಿದ್ದವನ ಗುಂಪು ಅವನಿಲ್ದಿದ್ರೂ ಮಾಡ್ತಾ ಇತ್ತು. ನೀವು ಊಟಕ್ಕೆ ಹೋದಾಗ ನಿಮ್ಮ ಆಫೀಸಲ್ಲಿ ಏನಾಗುತ್ತೆ ಅಂತ ಒಂದ್ಸಲ ನೋಡಿ, ಗೊತ್ತಾಗುತ್ತೆ.

ಆರ್ಡರ್ ಮಾಡ್ಲೇಬೇಕಾದಾಗ ಹಾಗಂತ ಬಾಯಿಬಿಟ್ಟು ಹೇಳಿ: "ಇವತ್ತು ಚರ್ಚೆಗೆ ಟೈಮಿಲ್ಲ, ಹೇಳಿದಂಗೆ ಮಾಡಿ, ಶನಿವಾರ ಕೂತು ಮಾತಾಡ್ವ." ಆಮೇಲೆ ಶನಿವಾರ ನಿಜವಾಗ್ಲೂ ಕೂರಿ. ಮೊದಲೇ ತೀರ್ಮಾನ ಮಾಡ್ಕೊಂಡು ಬಂದು "ನಿಮ್ಮ ಅಭಿಪ್ರಾಯ ಏನು" ಅಂತ ನಾಟಕ ಮಾತ್ರ ಬೇಡ, ಜನರಿಗೆ ಅರ್ಧ ನಿಮಿಷದಲ್ಲಿ ವಾಸನೆ ಬರುತ್ತೆ. ಮನೇಲಿ ಸಾವು ನೋವು ಆಗಿ ಬಂದೋರಿಗೆ ಟಾರ್ಗೆಟ್ ಮಾತು ಒಂದೆರಡು ದಿನ ಬಿಡಿ, ಕವಳ (ಎಲೆ ಅಡಿಕೆ) ಕೊಟ್ಟು ಪಕ್ಕದಲ್ಲಿ ಕೂತ್ರೆ ಸಾಕು, ಇದಕ್ಕೆ ಸ್ಟೈಲ್ ಹೆಸರೇನೂ ಬೇಕಿಲ್ಲ.

ಈಗಾಗ್ಲೇ ಕೆಟ್ಟಿರೋ ಟೀಮಾದ್ರೆ ಏಕ್ದಂ ಬದಲಾಗ್ಬೇಡಿ, ಇವ್ರಿಗೇನೋ ಮಳ್ಳು ಹಿಡೀತು ಅಂದ್ಕೋತಾರೆ. ನಾನು ಮೊದಲ ಸಲ ಎಲ್ಲರನ್ನೂ ಕೂರಿಸಿ ಕೇಳಿದಾಗ ಎಲ್ರೂ ನೆಲ ನೋಡಿದ್ರು, ಗೌಡ್ರು ಮಾತ್ರ "ನೀವು ಹೇಳಿದಂಗೆ, ಅಡ್ಡಿಲ್ಲ" ಅಂದ್ರು. ಸಣ್ಣದರಿಂದ ಶುರು ಮಾಡಿ. ಚಾ ನಾಲ್ಕಕ್ಕೋ ನಾಲ್ಕೂವರೆಗೋ ಅಂತ ಕೇಳ್ದೆ, ನಾಲ್ಕೂವರೆ ಅಂದ್ರು, ಮಾರನೇ ದಿನದಿಂದ ನಾಲ್ಕೂವರೆಗೇ ಬಂತು. ಮೂರನೇ ವಾರ ಲೋಡಿಂಗ್ ಹುಡುಗ ತಾನಾಗೇ ಬಂದು ತಾಡಪಾಲು ಮೂಲೇಲಿ ಹರಿದಿದೆ, ಮಳೆಗಾಲಕ್ಕೆ ಮುಂಚೆ ಬೇರೆ ತರಿಸಿ ಅಂದ.