ಹಳೆಯ ‘ಪೋಲ್ ಪೊಸಿಷನ್’ ಯಂತ್ರವನ್ನು ಮನೆಯಲ್ಲೇ ದುರಸ್ತಿ ಮಾಡುವ ಬಗೆ

ನಾಮ್ಕೊ ಕಂಪನಿ 1982ರಲ್ಲಿ ಹೊರತಂದ, ಅಮೆರಿಕದಲ್ಲಿ ಅಟಾರಿ ಮಾರಿದ ‘ಪೋಲ್ ಪೊಸಿಷನ್’ ಎಂಬ, ನಾಣ್ಯ ಹಾಕಿ ಆಡುವ ಕಾರ್ ರೇಸ್ ವಿಡಿಯೊ ಗೇಮ್ ಯಂತ್ರ ಕೈಗೆ ಬಂದರೆ, ಕೂಡಲೇ ಸ್ವಿಚ್ ಹಾಕಿ ನೋಡುವ ಚಪಲವನ್ನು ಹತ್ತಿಕ್ಕಬೇಕು. ಮೊದಲು ಪ್ಲಗ್ ಕಿತ್ತು, ಹಿಂಬದಿಯ ಬಾಗಿಲು ತೆಗೆದು, ಯಾವ ವೈರು ಎಲ್ಲಿ ಸೇರಿದೆ ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಿ. ಪರದೆಯ ಪಿಕ್ಚರ್ ಟ್ಯೂಬು ವಿದ್ಯುತ್ ತೆಗೆದ ಮೇಲೂ ಸಾವಿರಾರು ವೋಲ್ಟನ್ನು ಹಿಡಿದಿಟ್ಟುಕೊಂಡಿರಬಹುದಾದ್ದರಿಂದ, ಅದನ್ನು ಹಳೆಯ ಟಿವಿಗಳ ರಿಪೇರಿ ಬಲ್ಲವರಿಂದಲೇ ಡಿಸ್‌ಚಾರ್ಜ್ (ಉಳಿದ ವಿದ್ಯುತ್ತನ್ನು ಖಾಲಿ) ಮಾಡಿಸುವುದು ಲೇಸು. ಧೈರ್ಯ ತೋರಿಸಲು ಇದು ಜಾಗವಲ್ಲ.

ಈ ಯಂತ್ರದ ನಿಜವಾದ ಕಾಯಿಲೆಯಿರುವುದು ಸರ್ಕ್ಯೂಟ್ ಬೋರ್ಡಿನ ಅಂಚಿಗೆ ವೈರುಗಳನ್ನು ಜೋಡಿಸುವ ಕನೆಕ್ಟರುಗಳಲ್ಲಿ. ಎರಡು 16 ಬಿಟ್ ಪ್ರೊಸೆಸರುಗಳಿರುವ ಬೋರ್ಡುಗಳು 5 ವೋಲ್ಟಿನ ಸಾಲಿನಿಂದ ಹೆಚ್ಚು ಕರೆಂಟ್ ಎಳೆಯುವುದರಿಂದ, ವರ್ಷಗಳು ಕಳೆದಂತೆ ಆ ಪಿನ್ನುಗಳು ಬಿಸಿಯಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿರುತ್ತದೆ. ಸುಟ್ಟ ಕನೆಕ್ಟರನ್ನು ಉಜ್ಜಿ ಉಳಿಸಿಕೊಳ್ಳುವ ಯತ್ನ ವ್ಯರ್ಥ. ಹೊಸದನ್ನೇ ಹಾಕಿ, ಪವರ್ ಸಪ್ಲೈಯ ಒಣಗಿದ ಕೆಪಾಸಿಟರುಗಳನ್ನು (ವಿದ್ಯುತ್ತನ್ನು ಸಂಗ್ರಹಿಸುವ ಬಿಡಿಭಾಗಗಳನ್ನು) ಬದಲಿಸಿ, ಆಮೇಲೆ ವೋಲ್ಟೇಜನ್ನು ಬೋರ್ಡಿನ ಮೇಲೆಯೇ ಅಳೆದು 5 ವೋಲ್ಟಿಗೆ ಹೊಂದಿಸಬೇಕು.

ಸ್ಟೀರಿಂಗ್ ಚಕ್ರ ಎಲ್ಲಿಯೂ ತಡೆಯದೆ ಸುತ್ತುತ್ತದೆ. ಅದರ ಕೆಳಗಿನ ಸೀಳುಗಳುಳ್ಳ ತಟ್ಟೆ ಬೆಳಕಿನ ಕಿರಣವನ್ನು ಕಡಿದು ಕಡಿದು ತಿರುವನ್ನು ಲೆಕ್ಕ ಹಾಕುತ್ತದೆ. ಕಾರು ಒಂದೇ ಕಡೆಗೆ ತಿರುಗುತ್ತಿದ್ದರೆ ಅಥವಾ ತಡವರಿಸುತ್ತಿದ್ದರೆ, ಬೋರ್ಡನ್ನು ಶಂಕಿಸುವ ಮೊದಲು ಆ ಸೆನ್ಸಾರಿನ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಪೆಡಲನ್ನು ಎಷ್ಟು ಒತ್ತಿದೆ ಎಂದು ತಿಳಿಸುವ ಪೊಟೆನ್ಷಿಯೊಮೀಟರ್ ಸವೆದಿದ್ದರೆ ಬದಲಿಸಿದರಾಯಿತು. ನೀರು ಕುಡಿದು ಉಬ್ಬಿದ ಮರದ ತಳವನ್ನು ಕತ್ತರಿಸಿ ಹೊಸ ಪ್ಲೈವುಡ್ ಕೂರಿಸಿ. ಪಕ್ಕದ ಮೂಲಚಿತ್ರಗಳು ಮಾಸಿದ್ದರೂ ಕೀಳಬೇಡಿ.