ಕನ್ನಡ ಲಿಂಕಿನ ಪರ್ಜ್ ಕೊನೆಗೂ ಕೈಗೆ ಸಿಕ್ಕಿತು: ನನ್ನ ಅನುಭವ

ವಾರ್ನಿಶ್ ಅಂದರೆ ಪುಟಗಳ ಪ್ರತಿಯನ್ನು ಇಟ್ಟುಕೊಂಡು (ಇದೇ ಕ್ಯಾಶ್) ಓದುಗರಿಗೆ ಬೇಗ ಕೊಡುವ ಸಾಫ್ಟ್‌ವೇರ್. ಅದಕ್ಕೆ ಪರ್ಜ್, ಅಂದರೆ ‘ಹಳೇ ಪ್ರತಿ ಅಳಿಸು’ ಎಂಬ ಆದೇಶ, ಕಳಿಸಿದರೆ 200 (‘ಸರಿ’ ಎಂಬ ಉತ್ತರ) ಬರುತ್ತದೆ. ಆದರೂ ಕೆಲವು ಓದುಗರಿಗೆ ಹಳೇ ಸುದ್ದಿಯೇ ಕಾಣುತ್ತದೆ. ನಾನು ನೋಡಿಕೊಳ್ಳುವ ಕನ್ನಡ ಸುದ್ದಿ ತಾಣದಲ್ಲಿ ಈ ಕಾಟ ಹೆಚ್ಚುಕಮ್ಮಿ ಒಂದು ವರ್ಷ ಇತ್ತು. ಮುಖಪುಟದಿಂದ ಬಂದವರಿಗೆ ತಿದ್ದಿದ ಸುದ್ದಿ, ವಾಟ್ಸಾಪ್‌ನಿಂದ ಬಂದ ಕೆಲವರಿಗೆ ತಿದ್ದದ ಸುದ್ದಿ. ಸಾವಿನ ಸಂಖ್ಯೆ ತಪ್ಪಾಗಿ ಹೋದ ದಿನ ಇದು ಸಣ್ಣ ವಿಷಯ ಅಲ್ಲ.

‘ಸುಮ್ನೆ ದುಡ್ಡು ಕೊಟ್ಟು ಸಿಡಿಎನ್ ತಗೊಳ್ಳಿ’ (ಈ ಕ್ಯಾಶ್ ಕೆಲಸವನ್ನೇ ಮಾಡಿಕೊಡುವ ಬಾಡಿಗೆ ಸೇವೆ) ಅಂತ ಎಲ್ಲರೂ ಹೇಳಿದರು. ತಿಂಗಳಿಗೆ 20 ಸಾವಿರದ ಹತ್ತಿರ ಕೇಳಿದರು. ನಮ್ಮ ಎರಡು ವಾರ್ನಿಶ್ ಸರ್ವರ್‌ಗೆ ಸೇರಿ ಆಗುತ್ತಿದ್ದದ್ದು 6 ಸಾವಿರ.

ಮೊದಲು ಟಿಟಿಎಲ್ (ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವ ಅವಧಿ) ಅನ್ನು ಒಂದು ನಿಮಿಷಕ್ಕೆ ಇಳಿಸಿ ನೋಡಿದೆ. ಡೇಟಾಬೇಸ್ ಏದುಸಿರು ಬಿಟ್ಟಿತು. ಚುನಾವಣಾ ಫಲಿತಾಂಶದ ದಿನ ದೊಡ್ಡ ಮಷೀನ್ ತೆಗೆದುಕೊಳ್ಳಬೇಕಾಯಿತು, ಆ ತಿಂಗಳು ಏಳೆಂಟು ಸಾವಿರ ಜಾಸ್ತಿ ಬಿಲ್.

ಆಮೇಲೆ ಬ್ಯಾನ್, ಅಂದರೆ ‘ಈ ನಿಯಮಕ್ಕೆ ಹೊಂದುವ ಹಳೇ ಪ್ರತಿ ಕೊಡಬೇಡ’ ಎಂಬ ಆದೇಶ. ರಿಕ್ವೆಸ್ಟ್ ಯುಆರ್‌ಎಲ್ ಮೇಲೆ ಹಾಕಿದ ಬ್ಯಾನ್‌ಗಳನ್ನು ಲರ್ಕರ್ (ಹಿನ್ನೆಲೆಯಲ್ಲಿ ಬ್ಯಾನ್ ಪಟ್ಟಿ ಖಾಲಿ ಮಾಡುವ ಭಾಗ) ಮುಟ್ಟುವುದೇ ಇಲ್ಲ. ಪಟ್ಟಿ ಸಾವಿರಗಟ್ಟಲೆ ಬೆಳೆದು ಸಿಪಿಯು ಮೇಲೇರಿತು. ಯುಆರ್‌ಎಲ್ ಅನ್ನು ಆಬ್ಜೆಕ್ಟ್‌ನ (ಕ್ಯಾಶ್‌ನಲ್ಲಿ ಉಳಿಸಿದ ಪ್ರತಿಯ) ಹೆಡರ್‌ನಲ್ಲಿ ಇಟ್ಟು, ಅದರ ಮೇಲೆ ಬ್ಯಾನ್ ಹಾಕಿದಾಗ ಪಟ್ಟಿ ಕರಗಿತು. ಹಳೇ ಸುದ್ದಿ ಮಾತ್ರ ಅಲ್ಲೇ ಇತ್ತು.

ದಾರಿ ತೋರಿಸಿದ್ದು ವಾರ್ನಿಶ್‌ನ ‘ಪರ್ಜ್’ ಎಂಬ ವಿಮಾಡ್ (ಹೆಚ್ಚುವರಿ ಘಟಕ). ಸಾಮಾನ್ಯ ಪರ್ಜ್, ಕ್ಯಾಶ್‌ನಲ್ಲಿ ಏನೂ ಇಲ್ಲದಿದ್ದರೂ 200 ಕೊಡುತ್ತದೆ. ವಿಮಾಡ್‌ನ ‘ಹಾರ್ಡ್’ ಆದೇಶವಾದರೆ ಎಷ್ಟು ಆಬ್ಜೆಕ್ಟ್ ಹೋಯಿತು ಅಂತ ಎಣಿಸಿ ಹೇಳುತ್ತದೆ. ಆ ಎಣಿಕೆಯನ್ನು ಲಾಗ್‌ಗೆ ಬರೆಸಿದೆ. ಇಂಗ್ಲಿಷ್ ಸ್ಲಗ್ (ಲಿಂಕಿನಲ್ಲಿ ಸುದ್ದಿಯ ಹೆಸರಿರುವ ಭಾಗ) ಇದ್ದ ಸುದ್ದಿಗಳಲ್ಲಿ ಸರಿಯಾಗಿತ್ತು. ಕನ್ನಡ ಸ್ಲಗ್‌ಗಳಲ್ಲಿ ಆಗಾಗ ಸೊನ್ನೆ! ಅಲ್ಲಿಗೆ ಕಳ್ಳ ಸಿಕ್ಕಿದ.

ಕನ್ನಡದ ಪ್ರತಿ ಅಕ್ಷರವೂ ಲಿಂಕಿನಲ್ಲಿ ಪರ್ಸೆಂಟ್, ಇಂಗ್ಲಿಷಿನ ‘ಇ’, ಸೊನ್ನೆಯಿಂದ (%e0) ಶುರು. ನಮ್ಮ ತಾಣ ನಡೆಸುವ ವರ್ಡ್‌ಪ್ರೆಸ್ ಆ ‘ಇ’ಯನ್ನು ಸಣ್ಣಕ್ಷರದಲ್ಲಿ ಬರೆಯುತ್ತದೆ. ಕನ್ನಡದಲ್ಲೇ ಕಾಣುವ ಲಿಂಕನ್ನು ಬ್ರೌಸರ್‌ಗೆ ಅಂಟಿಸಿದರೆ ಅದು ದೊಡ್ಡಕ್ಷರ ಮಾಡುತ್ತದೆ. ಎರಡಕ್ಕೂ ಅದೇ ಪುಟ ಬರುತ್ತದೆ, ಆದರೆ ವಾರ್ನಿಶ್‌ಗೆ ಅವು ಎರಡು ಬೇರೆ ಆಬ್ಜೆಕ್ಟ್. ನಮ್ಮ ಪರ್ಜ್ ಹೋಗುತ್ತಿದ್ದದ್ದು ಸಣ್ಣಕ್ಷರದ್ದಕ್ಕೆ ಮಾತ್ರ.

ಯುಆರ್‌ಎಲ್ ಮುಟ್ಟಲಿಲ್ಲ. ವಿಸಿಎಲ್‌ನ (ವಾರ್ನಿಶ್‌ನ ಸೆಟ್ಟಿಂಗ್ ಭಾಷೆ) ಹ್ಯಾಶ್ ಭಾಗದಲ್ಲಿ, ಅಂದರೆ ಪ್ರತಿಯನ್ನು ಹುಡುಕುವ ಕೀಲಿ ಮಾಡುವಲ್ಲಿ, ಪಾತ್ ಅನ್ನು ಟುಲೋವರ್ (ಎಲ್ಲವೂ ಸಣ್ಣಕ್ಷರ) ಮಾಡಿ ಹಾಕಿದೆ. ಪರ್ಜ್ ಕೂಡ ಅದೇ ಹ್ಯಾಶ್ ದಾಟಿ ಬರುವುದರಿಂದ ಎರಡೂ ಒಂದೇ ಆದವು. ಕ್ವೆರಿ ಸ್ಟ್ರಿಂಗ್ (ಲಿಂಕಿನಲ್ಲಿ ‘?’ ನಂತರದ ಭಾಗ) ಕೆಡದಂತೆ ಬೇರ್ಪಡಿಸುವ ನನ್ನ ರೆಜೆಕ್ಸ್ (ಅಕ್ಷರ ಹುಡುಕುವ ಸೂತ್ರ) ಇಲ್ಲಿ ಕೊಡುವುದಿಲ್ಲ, ಅದಕ್ಕೆ ಎರಡು ರಾತ್ರಿ ನಿದ್ದೆ ಹೋಗಿದೆ.

ಇದೇ ಹುಮ್ಮಸ್ಸಿನಲ್ಲಿ ಇನ್ನೊಂದು ಪರೀಕ್ಷೆ ಮಾಡಿದೆ. ‘ಕೊ’ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. ಎರಡು ತುಂಡಿನ ಲಿಂಕ್ ನಮ್ಮಲ್ಲಿ 404 (‘ಪುಟ ಇಲ್ಲ’) ಆಯಿತು. ಹಾಗಾಗಿ ಅದನ್ನು ಪರ್ಜ್‌ಗೆ ಸೇರಿಸದೆ, ಸ್ಲಗ್ ಉಳಿಸುವಾಗಲೇ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಕೋಡ್‌ಗೆ ಸೇರಿಸುವ ಯೂನಿಕೋಡ್ ರೂಪ) ಮಾಡಿಸಿದೆ.

ಉಳಿದದ್ದು ಅಪರೂಪದ ಕೇಸ್. ಹಳೇ ಪುಟ ಬ್ಯಾಕೆಂಡ್‌ನಿಂದ (ಮೂಲ ಸರ್ವರ್‌ನಿಂದ) ಬರುತ್ತಿರುವಾಗಲೇ ಪರ್ಜ್ ಬಂದರೆ, ಆ ಹಳೇ ಪುಟ ಆಮೇಲೆ ಕ್ಯಾಶ್‌ಗೆ ಸೇರುತ್ತದೆ. ಅದಕ್ಕೆ ಐದಾರು ಸೆಕೆಂಡ್ ಬಿಟ್ಟು ಎರಡನೇ ಪರ್ಜ್ ಕಳಿಸುತ್ತೇನೆ. ಪ್ರತಿ ಸರ್ವರ್‌ಗೂ ರೆಡಿಸ್ ಎಂಬ ಡೇಟಾಬೇಸ್‌ನಲ್ಲಿ ಪರ್ಜ್‌ಗಳ ಬೇರೆ ಸಾಲು (ಕ್ಯೂ) ಇದೆ, 200 ಬರುವ ತನಕ ಮತ್ತೆ ಮತ್ತೆ ಕಳಿಸುತ್ತದೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರೇ, ತಲುಪಿತೋ ಇಲ್ಲವೋ ತಿಳಿಯದ ಯುಡಿಪಿ ಮಲ್ಟಿಕಾಸ್ಟ್ ಪರ್ಜ್ ಬಿಟ್ಟು, 2020ರಲ್ಲಿ ಸಂದೇಶಗಳನ್ನು ಸಾಲಿನಲ್ಲಿ ಉಳಿಸಿಡುವ ಕಾಫ್ಕಾಗೆ ಹೋದರು, ಅಲ್ವಾ.

ಈಗ ಟಿಟಿಎಲ್ ಒಂದು ದಿನ. ಹಿಟ್ (ಕ್ಯಾಶ್‌ನಿಂದಲೇ ಉತ್ತರ ಸಿಗುವ ಪ್ರಮಾಣ) ಶೇಕಡಾ 90ರ ಮೇಲಿದೆ, ಬಿಲ್ ಈಗಲೂ ಅದೇ 6 ಸಾವಿರ.