ನಿಮಿರು ದೌರ್ಬಲ್ಯ: ಯಾವ ಪರೀಕ್ಷೆ, ಯಾವಾಗ, ಯಾಕೆ

ನಿಮಿರುವಿಕೆಯ ತೊಂದರೆ ಇದೆಯೆಂದು ಹೇಳಲು ಯಂತ್ರ ಬೇಕಿಲ್ಲ, ಅದು ನಿಮಗೇ ಗೊತ್ತಿರುತ್ತದೆ. ಪರೀಕ್ಷೆ ಬೇಕಾಗುವುದು ಕಾರಣ ಹುಡುಕಲು. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗದು ಎಂದಾದರೆ ಆ ಪರೀಕ್ಷೆ ದಂಡ.

ವೈದ್ಯರ ಬಳಿ ಹೋಗುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಖಿನ್ನತೆಯ ಮಾತ್ರೆಗಳು, ಬಿಪಿಯ ಕೆಲವು ಮಾತ್ರೆಗಳೇ ಕಾರಣವಿರಬಹುದು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ (ವಯಾಗ್ರದಂಥ ನಿಮಿರುವಿಕೆಯ ಮಾತ್ರೆ) ಮುಟ್ಟುವಂತಿಲ್ಲ, ಬಿಪಿ ಅಪಾಯಕಾರಿಯಾಗಿ ಕುಸಿಯುತ್ತದೆ. ಬೆಳಗಿನ ನಿಮಿರುವಿಕೆ ಮೊದಲಿನಂತೆಯೇ ಇದೆಯೇ ಎಂಬುದನ್ನೂ ಹೇಳಿ. ಅದು ಸರಿಯಿದ್ದು ಸಂಭೋಗದ ಹೊತ್ತಿಗೆ ಮಾತ್ರ ಕೈಕೊಟ್ಟರೆ ಆತಂಕದ ಪಾತ್ರ ದೊಡ್ಡದಿರುವ ಸಾಧ್ಯತೆ ಹೆಚ್ಚು.

ಮೊದಲ ಸುತ್ತು ಸರಳ: ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ), ಕೊಲೆಸ್ಟರಾಲ್, ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನ್). ಶಿಶ್ನದ ಅಪಧಮನಿಯ ಅಗಲ 1–2 ಮಿ.ಮೀ., ಹೃದಯದ್ದು 3–4 ಮಿ.ಮೀ. ಕೊಬ್ಬು ಕಟ್ಟಿಕೊಂಡರೆ ಸಣ್ಣ ಕೊಳವೆಯೇ ಮೊದಲು ತೊಂದರೆ ತೋರಿಸುತ್ತದೆ, ಹಾಗಾಗಿ ಈ ರಿಪೋರ್ಟು ಹೃದಯಕ್ಕೂ ಮುನ್ಸೂಚನೆ. ಎಚ್‌ಬಿಎ1ಸಿ 6.5% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ; ಆದರೆ ರಕ್ತಹೀನತೆ ಇರುವವರಲ್ಲಿ ಈ ಅಂಕಿ ದಾರಿ ತಪ್ಪಿಸುವುದುಂಟು.

ಹೆಚ್ಚು ಎಡವಟ್ಟಾಗುವುದು ಟೆಸ್ಟೋಸ್ಟೆರಾನ್‌ನಲ್ಲಿ. ರಕ್ತವನ್ನು ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಿ. ಸಂಜೆ ಕೊಟ್ಟರೆ, ಜ್ವರವಿದ್ದರೆ, ನಿದ್ದೆಗೆಟ್ಟಿದ್ದರೆ ಮಟ್ಟ ಸುಮ್ಮನೆ ಕಡಿಮೆ ಕಾಣುತ್ತದೆ. ಕೂದಲಿಗೆಂದು ಬಯೋಟಿನ್ ವಿಟಮಿನ್ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ, ಕೆಲವು ಯಂತ್ರಗಳಲ್ಲಿ ಅದು ಅಂಕಿ ಕೆಡಿಸುತ್ತದೆ. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಿ. ಎರಡೂ ಸಲ ಕಡಿಮೆಯಿದ್ದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್ ನೋಡಬೇಕು; ಇವೆರಡೂ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು. ಪ್ರೊಲ್ಯಾಕ್ಟಿನ್ ತೀರಾ ಏರಿದ್ದರೆ ಆ ಗ್ರಂಥಿಯಲ್ಲಿ ಗಡ್ಡೆ ಇರಬಹುದು. ಮಕ್ಕಳು ಬೇಕೆನ್ನುವವರು ಟೆಸ್ಟೋಸ್ಟೆರಾನ್ ಇಂಜೆಕ್ಷನ್‌ಗೆ ಆತುರಪಡಬಾರದು, ವೀರ್ಯಾಣು ಉತ್ಪತ್ತಿಯೇ ನಿಲ್ಲಬಹುದು.

ಶಿಶ್ನದ ರಕ್ತಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಎಲ್ಲರಿಗೂ ಬೇಡ. ಮಾತ್ರೆ ಫಲಿಸದಿದ್ದರೆ, ಸೊಂಟದ ಮೂಳೆಗೆ ಪೆಟ್ಟಾಗಿದ್ದರೆ, ಶಿಶ್ನ ಡೊಂಕಾಗಿದ್ದರೆ ಮಾತ್ರ. (ಭರ್ಜರಿ ಊಟದ ಮೇಲೆ ಸಿಲ್ಡೆನಾಫಿಲ್ ನುಂಗಿ, ಉದ್ರೇಕವಿಲ್ಲದೆ ಕಾದು ಕೂತರೆ ಅದನ್ನು ಫಲಿಸಲಿಲ್ಲ ಎನ್ನಲಾಗದು.) ಶಿಶ್ನಕ್ಕೆ ಔಷಧಿ ಚುಚ್ಚಿ ನಿಮಿರಿಸಿ, ರಕ್ತದ ವೇಗ ಅಳೆಯುತ್ತಾರೆ. ಗರಿಷ್ಠ ವೇಗ ಸೆಕೆಂಡಿಗೆ 25 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಒಳಹರಿವೇ ಸಾಲದು. ಹೃದಯದ ಪ್ರತಿ ಬಡಿತದ ಕೊನೆಯಲ್ಲಿ ಉಳಿಯುವ ವೇಗ 5 ಸೆಂ.ಮೀ. ಮೀರಿದರೆ ರಕ್ತ ಸೋರಿಹೋಗುತ್ತಿದೆ ಎಂದು ಲೆಕ್ಕ. ಆದರೆ ಹೆದರಿದವನ ದೇಹದಲ್ಲಿ ಅಡ್ರಿನಲಿನ್ ಏರಿ ಸ್ನಾಯು ಸಡಿಲವಾಗದೆ, ಇಲ್ಲದ ಸೋರಿಕೆಯೂ ಕಾಣಿಸುತ್ತದೆ. ಅನುಮಾನವಿದ್ದರೆ ಇನ್ನೊಂದು ಡೋಸ್ ಕೊಟ್ಟು ಮತ್ತೆ ನೋಡಿ ಎಂದು ಕೇಳಿ. ಪರೀಕ್ಷೆ ಮುಗಿದ ಮೇಲೂ ನಿಮಿರುವಿಕೆ 4 ಗಂಟೆ ಇಳಿಯದಿದ್ದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ.